ತಲೆಬುರುಡೆಯ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಬೇರೆಯಾಗಿರುತ್ತದೆಯೇ?

ಪ್ರಶ್ನೆ: ಮನುಷ್ಯರ ತಲೆಬುರುಡೆ, ರಕ್ತ ಇತ್ಯಾದಿ ಬಳಸಿ ಸೂಜಿರಂಧ್ರ ಕ್ಯಾಮೆರಾ ತಯಾರಿಸುವವರಿದ್ದಾರೆ ಎಂದು ಓದಿದೆ. ಅದರಿಂದ ಚಿತ್ರದಲ್ಲಿ ನಿಜಕ್ಕೂ ವ್ಯತ್ಯಾಸ ಬೀಳುತ್ತದೆಯೇ? ಅಥವಾ ಬರೀ ಗಮನ ಸೆಳೆಯುವ ಉಪಾಯವೇ? ಮನೆಯಲ್ಲಿ ನಾವೂ ಇಂಥದ್ದೇನಾದರೂ ಮಾಡಬಹುದೇ?

ಉತ್ತರ: ಬುರುಡೆಯಿಂದ ವ್ಯತ್ಯಾಸ ಬೀಳುವುದಿಲ್ಲ, ರಕ್ತದಿಂದ ಖಂಡಿತ ಬೀಳುತ್ತದೆ. ಮನೆಯಲ್ಲಿ ಮಾಡಲು ಇವೆರಡೂ ಬೇಕಾಗಿಲ್ಲ, ತೆಂಗಿನಕಾಯಿಯ ಕರಟ ಸಾಕು.

ಸೂಜಿರಂಧ್ರ ಕ್ಯಾಮೆರಾಕ್ಕೆ ಮಸೂರವಿಲ್ಲ. ಬೆಳಕು ಸೋರದ ಒಂದು ಪೆಟ್ಟಿಗೆ, ಅದರ ಒಂದು ಬದಿಗೆ ಸೂಜಿಮೊನೆಯಷ್ಟು ತೂತು, ಎದುರು ಬದಿಗೆ ಫಿಲ್ಮ್ ಅಥವಾ ಫೋಟೊ ಕಾಗದ. ಬೆಳಕು ನೇರವಾಗಿ ಸಾಗುವುದರಿಂದ ಹೊರಗಿನ ನೋಟ ಒಳಗೆ ತಲೆಕೆಳಗಾಗಿ ಬೀಳುತ್ತದೆ. ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಹೋದವರಿಗೆ ಗರ್ಭಗುಡಿಯ ಹಿಂದಿನ ಕತ್ತಲ ಕೋಣೆಯ ಗೋಡೆಯಲ್ಲಿ ಗೋಪುರದ ತಲೆಕೆಳಗಾದ ನೆರಳನ್ನು ಗೈಡ್‌ಗಳು ತೋರಿಸಿಯೇ ಇರುತ್ತಾರೆ. ಆ ಕೋಣೆ ಕಲ್ಲಿನದು, ಆದರೆ ನೆರಳಿನಲ್ಲಿ ಕಲ್ಲಿನ ಗುರುತೇನೂ ಇಲ್ಲ. ಅದೇ ಅಳತೆಯ ಕೋಣೆಯನ್ನು ಮಣ್ಣಿನಲ್ಲಿ ಕಟ್ಟಿದ್ದರೂ ಗೋಪುರ ಹಾಗೆಯೇ ತಲೆಕೆಳಗಾಗಿ ನಿಲ್ಲುತ್ತಿತ್ತು. ಇಂಗ್ಲೆಂಡಿನ ಬೇಫರ್ಡ್‌ಬರಿ ವೀಕ್ಷಣಾಲಯದಲ್ಲಿ ಕಲಾ ವಿದ್ಯಾರ್ಥಿನಿಯೊಬ್ಬರು 2012ರಲ್ಲಿ ಕಟ್ಟಿಹೋದ ಬಿಯರ್ ಡಬ್ಬಿಯೊಂದು 2020ರಲ್ಲಿ ಕೈಗೆ ಸಿಕ್ಕಿತು. ಅದರೊಳಗಿನ ಕಾಗದದ ಮೇಲೆ ಎಂಟು ವರ್ಷಗಳ ಸೂರ್ಯನ ಹಾದಿಗಳು ಕಮಾನು ಕಮಾನಾಗಿ ಮೂಡಿದ್ದವು. ಡಬ್ಬಿಯಲ್ಲಿ ಮೊದಲು ಬಿಯರ್ ಇತ್ತೆಂಬುದು ಚಿತ್ರಕ್ಕೆ ಗೊತ್ತಿಲ್ಲ.

ಹಾಗಿದ್ದರೆ ಬುರುಡೆ ಏಕೆ? ಇಲ್ಲಿ ಹೆಸರಿಸಲೇಬೇಕಾದವರು ಅಮೆರಿಕದ ಕಲಾವಿದ ವೇಯ್ನ್ ಮಾರ್ಟಿನ್ ಬೆಲ್ಜರ್. ಅಲ್ಯೂಮಿನಿಯಂ, ಟೈಟಾನಿಯಂ, ಹಿತ್ತಾಳೆ, ಬೆಳ್ಳಿಯನ್ನು ಲೇತ್ ಯಂತ್ರಗಳಲ್ಲಿ ಕಡೆದು ಕ್ಯಾಮೆರಾ ಕಟ್ಟುವುದು ಅವರ ಕೆಲಸ. ನಾಲ್ಕು ಇಂಚು ಅಗಲ, ಐದು ಇಂಚು ಉದ್ದದ ಹಾಳೆ ಫಿಲ್ಮನ್ನು ಬಳಸುತ್ತಾರೆ. ಅವರ ‘ಥರ್ಡ್ ಐ’ ಕ್ಯಾಮೆರಾದ ಮುಖಭಾಗ 13 ವರ್ಷದ ಹುಡುಗಿಯೊಬ್ಬಳ ಸುಮಾರು 150 ವರ್ಷ ಹಳೆಯ ತಲೆಬುರುಡೆ. ತೂತು ಇರುವುದು ಹಣೆಯ ನಡುವೆ, ಶಿವನಿಗೆ ಮೂರನೆಯ ಕಣ್ಣಿರುವ ಜಾಗದಲ್ಲಿ. ‘ಯಮ’ ಎಂಬ ಇನ್ನೊಂದು ಕ್ಯಾಮೆರಾ ಸುಮಾರು 500 ವರ್ಷ ಹಳೆಯ ಟಿಬೆಟನ್ ಬುರುಡೆಯದು. ಅದರ ಎರಡು ಕಣ್ಣುಗುಳಿಗಳಲ್ಲೂ ಹಿತ್ತಾಳೆಯ ಸೂಜಿರಂಧ್ರಗಳಿವೆ. ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಸಿಗುವುದರಿಂದ ಅವನ್ನು ಜೋಡಿಸಿ ಆಳವಿರುವ ತ್ರಿವಿಮ ಚಿತ್ರವಾಗಿ ನೋಡಬಹುದು. ಬುರುಡೆಗೆ ಮಾಣಿಕ್ಯ, ನೀಲದಂಥ ಹರಳುಗಳನ್ನೆಲ್ಲ ಕೂರಿಸಿದ್ದಾರೆ. ನೋಡಲು ಯಂತ್ರಕ್ಕಿಂತ ಹೆಚ್ಚಾಗಿ ಪೂಜಾ ಸಾಮಗ್ರಿಯೇ ಅನ್ನಿಸುತ್ತದೆ.

ಶುದ್ಧ ತಾಂತ್ರಿಕ ದೃಷ್ಟಿಯಿಂದ ನೋಡಿದರೆ ತಲೆಬುರುಡೆಯಷ್ಟು ಕೆಟ್ಟ ಕ್ಯಾಮೆರಾ ಪೆಟ್ಟಿಗೆ ಸಿಗುವುದು ಕಷ್ಟ. ಕಣ್ಣು, ಮೂಗು, ಬೆನ್ನುಹುರಿ ಇಳಿಯುವ ದೊಡ್ಡ ಕಿಂಡಿ, ನರಗಳು ಹಾದುಹೋಗುವ ಸಣ್ಣಪುಟ್ಟ ತೂತುಗಳು, ಎಲ್ಲ ಕಡೆಯಿಂದಲೂ ಬೆಳಕು ನುಗ್ಗುತ್ತದೆ. ಕಣತಲೆಯಲ್ಲಿ, ಕಿವಿಯ ಹತ್ತಿರ ಮೂಳೆ ಎಷ್ಟು ತೆಳುವೆಂದರೆ ಬಿಸಿಲಿಗೆ ಹಿಡಿದರೆ ಒಳಗೆ ಮಂದ ಬೆಳಕು ಕಾಣುತ್ತದೆ. ಹಣೆಯ ಕಡೆ ತೊಂದರೆ ತದ್ವಿರುದ್ಧ. ಅಲ್ಲಿ ಮೂಳೆ ಆರು ಮಿಲಿಮೀಟರ್ ದಪ್ಪ ಎಂದುಕೊಳ್ಳಿ. ಅದರಲ್ಲಿ ನೇರವಾಗಿ 0.4 ಮಿಲಿಮೀಟರ್ ಅಗಲದ ತೂತು ಕೊರೆದರೆ ಅದು ತೂತಾಗದೆ ಸುರಂಗವಾಗುತ್ತದೆ. ಓರೆಯಾಗಿ ಬರುವ ಬೆಳಕೆಲ್ಲ ಸುರಂಗದ ಗೋಡೆಗೆ ತಾಗಿ ಅಲ್ಲೇ ಸಾಯುತ್ತದೆ. ಹತ್ತು ಸೆಂಟಿಮೀಟರ್ ದೂರದ ಫಿಲ್ಮಿನ ನಡುವೆ ಹೆಬ್ಬೆರಳುಗುರಿನಷ್ಟು ಬೆಳಗಿ, ಉಳಿದ ಹಾಳೆಯೆಲ್ಲ ಖಾಲಿ ಉಳಿಯುತ್ತದೆ. ಅದಕ್ಕೇ ಇಂಥ ಕ್ಯಾಮೆರಾಗಳಲ್ಲಿ ಮೂಳೆಗೆ ದೊಡ್ಡ ಕಿಂಡಿ ಕೊರೆದು, ನಿಜವಾದ ಸೂಜಿರಂಧ್ರವನ್ನು ತೆಳುವಾದ ಹಿತ್ತಾಳೆ ತಗಡಿನಲ್ಲಿ ಮಾಡಿ ಕೂರಿಸಬೇಕು, ಹಿಂದೆ ಬೆಳಕು ಸೋರದ ಲೋಹದ ಪೆಟ್ಟಿಗೆ ಇಡಬೇಕು. ಅಂದರೆ ಚಿತ್ರ ತೆಗೆಯುವುದು ಹಿತ್ತಾಳೆ ಮತ್ತು ಅಲ್ಯೂಮಿನಿಯಂ, ಬುರುಡೆ ಸುತ್ತ ನಿಂತಿರುತ್ತದೆ ಅಷ್ಟೇ.

ರಕ್ತದ ವಿಷಯ ಹಾಗಲ್ಲ. ಬೆಲ್ಜರ್ ಅವರ ‘ಅನ್‌ಟಚಬಲ್’ ಎಂಬ ಕ್ಯಾಮೆರಾದಲ್ಲಿ ಎಚ್ಐವಿ ಸೋಂಕಿರುವ ರಕ್ತ ಪಂಪಿನ ಬಲದಿಂದ ಕ್ಯಾಮೆರಾದೊಳಗೆ ಹರಿದು, ಸೂಜಿರಂಧ್ರದ ಮುಂದೆ ಹಾದುಹೋಗುತ್ತದೆ. ಎಚ್ಐವಿಯೊಂದಿಗೆ ಬದುಕುತ್ತಿರುವವರ ಭಾವಚಿತ್ರಗಳಿಗಾಗಿಯೇ ಕಟ್ಟಿದ ಕ್ಯಾಮೆರಾ ಅದು. ಇಲ್ಲಿ ಬೆಳಕು ವಸ್ತುವಿನ ಮೂಲಕವೇ ಹಾದು ಫಿಲ್ಮ್ ತಲುಪುತ್ತದೆ. ರಕ್ತದ ಹಿಮೋಗ್ಲೋಬಿನ್ ನೀಲಿ ಹಾಗೂ ಹಸಿರು ಬೆಳಕನ್ನು ನುಂಗಿ ಕೆಂಪನ್ನು ಬಿಡುತ್ತದೆ. ಕಪ್ಪುಬಿಳುಪು ಛಾಯಾಗ್ರಾಹಕರು ಬಳಸುವ 25ನೇ ನಂಬರಿನ ಕೆಂಪು ಫಿಲ್ಟರ್ ಮಾಡುವುದೂ ಇದನ್ನೇ, ಬೆಲ್ಜರ್ ರಕ್ತವನ್ನು ಬಳಸಿಕೊಂಡದ್ದೂ ಅದರ ಬದಲಿಗೆ. ಪರಿಣಾಮ ಚಿತ್ರದಲ್ಲಿ ನೇರವಾಗಿ ಕಾಣುತ್ತದೆ: ನೀಲಿ ಆಕಾಶ ಕಪ್ಪಾಗುತ್ತದೆ, ಚರ್ಮ ತಿಳಿಯಾಗುತ್ತದೆ, ತುಟಿಗಳು ಬಿಳಿಚಿಕೊಳ್ಳುತ್ತವೆ.

ರಕ್ತವನ್ನು ಹರಿಸುವುದಕ್ಕೆ ಪ್ರಾಯೋಗಿಕ ಅರ್ಥವೂ ಇದೆ. ನಿಂತ ರಕ್ತದಲ್ಲಿ ಕಣಗಳು ನಿಧಾನಕ್ಕೆ ತಳ ಸೇರುತ್ತವೆ, ಮೇಲೆ ಹಳದಿ ನೀರು ಉಳಿಯುತ್ತದೆ, ಫಿಲ್ಟರ್ ಕೆಡುತ್ತದೆ. ಕಣಗಳು ಬೆಳಕನ್ನು ಚದುರಿಸುವುದರಿಂದ ಪದರ ತೀರಾ ತೆಳುವಾಗಿರಬೇಕು, ಇಲ್ಲದಿದ್ದರೆ ಮುಖವೇ ಮಸುಕಾಗುತ್ತದೆ. ಜೊತೆಗೆ ಕಾಲದ ಲೆಕ್ಕ. 25ನೇ ನಂಬರಿನ ಫಿಲ್ಟರ್ ಹಾಕಿದರೆ ಬೆಳಕು ಎಂಟು ಪಟ್ಟು ಬೇಕು. ಬಿಸಿಲಿನಲ್ಲಿ ಎರಡು ಸೆಕೆಂಡು ಸಾಕಾಗುವ ಕಡೆ ಹದಿನಾರು ಸೆಕೆಂಡು, ದೀರ್ಘಕಾಲ ಬೆಳಕಿಗೊಡ್ಡಿದಾಗ ಫಿಲ್ಮಿನ ಸಂವೇದನೆ ಕುಗ್ಗುವುದರಿಂದ ಅದಕ್ಕೂ ಹೆಚ್ಚು. ಅಷ್ಟೂ ಹೊತ್ತು ಎದುರಿನವರು ಅಲುಗಾಡದೆ, ತಮ್ಮೊಳಗಿರುವಂಥದ್ದೇ ಸೋಂಕು ಹೊತ್ತ ರಕ್ತ ಕಣ್ಣೆದುರು ಹರಿಯುವುದನ್ನು ನೋಡುತ್ತ ಕೂತಿರಬೇಕು. ಈ ಬಗೆಯ ಕ್ಯಾಮೆರಾಗಳಲ್ಲೆಲ್ಲ ನನಗೆ ಅತ್ಯಂತ ಪ್ರಾಮಾಣಿಕವೆನಿಸುವುದು ಇದೇ. ವಸ್ತು, ವಿಷಯ, ತಂತ್ರ ಮೂರೂ ಇಲ್ಲಿ ಒಂದನ್ನೊಂದು ಬಿಟ್ಟಿಲ್ಲ. ಬೆಲ್ಜರ್ ಅವರ ಇನ್ನೊಂದು ಕ್ಯಾಮೆರಾದಲ್ಲಿ ರಾಸಾಯನಿಕದಲ್ಲಿ ಕಾಪಿಟ್ಟ ಶಿಶುವಿನ ಹೃದಯವಿದೆ, ಅದು ಗರ್ಭಿಣಿಯರನ್ನು ಚಿತ್ರಿಸಲು. ಅದರ ಬಗ್ಗೆ ಓದಿದಾಗ ನನಗೆ ಎದ್ದದ್ದು ಕಸಿವಿಸಿ ಮಾತ್ರ.

ಬುರುಡೆಯ ಕ್ಯಾಮೆರಾವನ್ನು ಬರೀ ಗಿಮಿಕ್ ಎಂದು ತಳ್ಳಿಹಾಕಲಾರೆ. ಮೊಬೈಲ್ ಎತ್ತಿದರೆ ಜನ ಹಲ್ಲು ಕಿರಿಯುತ್ತಾರೆ, ಬುರುಡೆಯ ಎದುರು ಕೂರಿಸಿ ನಿಮಿಷಗಟ್ಟಲೆ ಕದಲಬೇಡಿ ಎಂದರೆ ಮುಖ ಬೇರೆಯೇ ಆಗುತ್ತದೆ. ವಸ್ತುವಿನ ಪರಿಣಾಮ ಆಗುವುದು ಎದುರು ಕೂತವರ ಮೇಲೆ, ಅವರ ಮೂಲಕ ಚಿತ್ರದ ಮೇಲೆ.

ಆದರೆ ಬುರುಡೆ ಯಾರದ್ದು ಎಂಬ ಪ್ರಶ್ನೆ ಬಗೆಹರಿಯುವುದಿಲ್ಲ. ಟಿಬೆಟಿನ ಬೌದ್ಧ ಪರಂಪರೆಯಲ್ಲಿ ಕಪಾಲಕ್ಕೆ ಪೂಜೆಯ ಸ್ಥಾನವಿದೆ. ಬೈಲಕುಪ್ಪೆಯ ಸ್ವರ್ಣದೇವಾಲಯದ ಪದ್ಮಸಂಭವ ಮೂರ್ತಿಯ ಎಡಗೈಯಲ್ಲಿರುವುದು ಕಪಾಲಪಾತ್ರೆಯೇ. ನಮ್ಮ ಹೊಯ್ಸಳ ಶಿಲ್ಪಿಗಳೂ ಭೈರವನ ಕೈಗೆ ರುಂಡ ಕೊಟ್ಟು, ತೊಟ್ಟಿಕ್ಕುವ ರಕ್ತ ನೆಕ್ಕಲು ಕೆಳಗೆ ನಾಯಿಯನ್ನು ನಿಲ್ಲಿಸಿದವರು. ಹಾಗಾಗಿ ಬುರುಡೆ ಕಂಡು ಬೆಚ್ಚುವ ಅಗತ್ಯವೇನೂ ನಮಗಿಲ್ಲ. ನನ್ನನ್ನು ಕಾಡುವುದು ಒಪ್ಪಿಗೆಯ ವಿಚಾರ. ಹದಿಮೂರರ ಆ ಹುಡುಗಿಯನ್ನು ಯಾರೂ ಕೇಳಿರಲಾರರು. 1985ರಲ್ಲಿ ಭಾರತ ಸರ್ಕಾರ ಮಾನವ ಅಸ್ಥಿಯ ರಫ್ತನ್ನು ನಿಷೇಧಿಸುವವರೆಗೆ ಜಗತ್ತಿನ ವೈದ್ಯಕೀಯ ಕಾಲೇಜುಗಳಿಗೆ ಅಸ್ಥಿಪಂಜರ ಒದಗಿಸುತ್ತಿದ್ದ ದೊಡ್ಡ ಪೇಟೆ ಕಲ್ಕತ್ತ. ಆ ಅಸ್ಥಿಗಳಲ್ಲಿ ಬಹುಪಾಲು ಬಡವರದ್ದು. ಹಳೆಯ ಬುರುಡೆ ಎಂದೊಡನೆ ‘ಪ್ರಾಚೀನ ವಸ್ತು’ ಎಂದು ಸಮಾಧಾನಪಡಲು ನಮ್ಮವರಿಗೆ ಕಷ್ಟವಾಗಬೇಕು.

ವಸ್ತು ಚಿತ್ರದೊಳಗೇ ಬರಬೇಕೆಂದರೆ ಹೆಣದ ಹಂಗಿಲ್ಲದ ದಾರಿಗಳೂ ಇವೆ. ಇಂಗ್ಲೆಂಡಿನ ಜಸ್ಟಿನ್ ಕ್ವಿನೆಲ್ ಸಣ್ಣ ಫಿಲ್ಮ್ ಕಾರ್ಟ್ರಿಜ್‌ನಿಂದ ಮಾಡಿದ ಕ್ಯಾಮೆರಾವನ್ನು ಬಾಯಲ್ಲಿಟ್ಟುಕೊಂಡು ಚಿತ್ರ ತೆಗೆದಿದ್ದಾರೆ. ಹೊರಗಿನ ಲೋಕಕ್ಕೆ ಅವರ ಹಲ್ಲುಗಳೇ ಚೌಕಟ್ಟು. ಅಮೆರಿಕದ ಆನ್ ಹ್ಯಾಮಿಲ್ಟನ್ ಕೂಡ ಬಾಯನ್ನೇ ಕ್ಯಾಮೆರಾ ಮಾಡಿಕೊಂಡವರು. ತುಟಿ ತೆರೆದರೆ ಬೆಳಕು, ಮುಚ್ಚಿದರೆ ಕತ್ತಲೆ. ಚಿತ್ರದ ಅಂಚು ತುಟಿಗಳ ಆಕಾರಕ್ಕೆ ಬಾಗಿ ಕಣ್ಣಿನಂತೆ ಕಾಣುತ್ತದೆ, ಕಣ್ಪಾಪೆಯ ಜಾಗದಲ್ಲಿ ಎದುರಿಗೆ ನಿಂತವರು. ಇಟಲಿಯ ಫ್ರಾನ್ಸೆಸ್ಕೊ ಕಪ್ಪೋನಿ ಇನ್ನೂ ಮುಂದೆ ಹೋದರು. ಖಾಲಿ ಮೊಟ್ಟೆಯ ಒಳಗೋಡೆಗೆ ಬೆಳಕಿಗೆ ಸ್ಪಂದಿಸುವ ರಾಸಾಯನಿಕ ಬಳಿದು, ಸೂಜಿರಂಧ್ರ ಮಾಡಿ, ಚಿತ್ರವನ್ನು ಮೊಟ್ಟೆಯೊಳಗೇ ಮೂಡಿಸಿದರು. ಒಂದು ಮೊಟ್ಟೆಗೆ ಒಂದೇ ಚಿತ್ರ, ಆಮೇಲೆ ಕ್ಯಾಮೆರಾವೇ ಚಿತ್ರ. ಈ ಕಲ್ಪನೆಯ ಮುಂದೆ ಹರಳು ಕೂರಿಸಿದ ಬುರುಡೆ ನನಗೆ ಸ್ವಲ್ಪ ಆಡಂಬರವೆನಿಸುತ್ತದೆ.

ಇನ್ನು ಮನೆಯಲ್ಲಿ ಮಾಡುವ ಮಾತು. ಮಾನವ ಅಸ್ಥಿಯ ಯೋಚನೆ ಬಿಡಿ, ಸ್ಮಶಾನದ ಗೊಡವೆ ಕಾನೂನಿನ ಗೊಡವೆಯೂ ಹೌದು. ಅಜ್ಜನ ಕಾಲದ ಜಿಂಕೆ ಕೊಂಬು ಅಟ್ಟದ ಮೇಲಿದೆ, ಅದನ್ನು ಬಳಸೋಣ ಎಂದುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. 2023ರಲ್ಲಿ ಹುಲಿ ಉಗುರಿನ ಪದಕ ಧರಿಸಿದವರ ಪಾಡು ಏನಾಯಿತೆಂದು ಎಲ್ಲರೂ ಪತ್ರಿಕೆಯಲ್ಲಿ ಓದಿದ್ದೇವೆ.

ಕರಟಕ್ಕೆ ಯಾವ ಕಾಯ್ದೆಯೂ ಇಲ್ಲ. ಒಳಗೆ ಚೆನ್ನಾಗಿ ಕೆರೆದು ಒಣಗಿಸಿ ಮಿರುಗದ ಕಪ್ಪು ಬಣ್ಣ ಬಳಿಯಿರಿ. ಕಾಯಿಯ ಮೂರು ಕಣ್ಣುಗಳಲ್ಲಿ ಮೆತ್ತನೆಯದನ್ನು ಚುಚ್ಚಿ ತೆರೆಯಿರಿ, ಇನ್ನೆರಡಕ್ಕೆ ಕಪ್ಪು ಟೇಪು ಅಂಟಿಸಿ. ತಂಪು ಪಾನೀಯದ ಡಬ್ಬಿಯ ತಗಡನ್ನು ಕತ್ತರಿಸಿ, ಸಣ್ಣ ಹೊಲಿಗೆ ಸೂಜಿಯ ಮೊನೆಯಿಂದ ಸುಮಾರು 0.4 ಮಿಲಿಮೀಟರ್ ತೂತು ಮಾಡಿ, ಅಂಚಿನಲ್ಲಿ ಎದ್ದ ಚೂಪನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ ಆ ಕಣ್ಣಿನ ಒಳಬದಿಗೆ ಅಂಟಿಸಿ. ತೂತಿನಿಂದ ಕಾಗದಕ್ಕೆ ಎಂಟು ಸೆಂಟಿಮೀಟರ್ ಅಂತರವಿದ್ದರೆ ಈ ಅಳತೆ ಸರಿಹೊಂದುತ್ತದೆ. ತೂತು ಹಿರಿದಾದರೆ ಚಿತ್ರ ಮಸುಕು, ತೀರಾ ಕಿರಿದಾದರೆ ಬೆಳಕು ಅಂಚಿನಲ್ಲಿ ಬಾಗಿ ಮತ್ತೆ ಮಸುಕು. ಹಿಂಬದಿಗೆ ಕಪ್ಪುಬಿಳುಪು ಫೋಟೊ ಕಾಗದವಿಟ್ಟು ದಪ್ಪ ರಟ್ಟಿನ ಮುಚ್ಚಳ ಹಾಕಿ, ಸುತ್ತ ಟೇಪು ಸುತ್ತಿ. ಈ ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ. ಹಾಗಾಗಿ ಕೆಂಪು ದೀಪದ ಕೆಳಗೆ ಇದನ್ನೆಲ್ಲ ಮಾಡಬಹುದು. ಬೆಲ್ಜರ್ ಅವರ ರಕ್ತದ ಕ್ಯಾಮೆರಾಕ್ಕೆ ಈ ಕಾಗದ ಹಾಕಿದರೆ ಏನೂ ಮೂಡದಿರುವುದಕ್ಕೂ ಅದೇ ಕಾರಣ.

ತೂತಿನ ಮೇಲೂ ಟೇಪು ಅಂಟಿಸಿಟ್ಟು, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ಅರ್ಧ ನಿಮಿಷ ತೆರೆಯುವುದರಿಂದ ಶುರು ಮಾಡಿ, ಮೋಡವಿದ್ದರೆ ಎರಡು ಮೂರು ನಿಮಿಷ. ಕರಟವನ್ನು ಕೈಯಲ್ಲಿ ಹಿಡಿಯಬೇಡಿ, ಒಂದು ಹಿಡಿ ಮರಳಿನ ಮೇಲೆ ಕೂರಿಸಿದರೆ ಅಲುಗುವುದಿಲ್ಲ. ಡೆವಲಪ್ ಮಾಡಿದ ಮೇಲೆ ಬರುವುದು ನೆಗೆಟಿವ್, ಅದನ್ನು ಮೊಬೈಲ್‌ನಲ್ಲಿ ತೆಗೆದು ಬಣ್ಣ ತಿರುಗುಮುರುಗು ಮಾಡಿಕೊಳ್ಳಬಹುದು. ಚಿತ್ರ ಚೆನ್ನಾಗಿ ಬಂದರೆ, ಏಪ್ರಿಲ್ ತಿಂಗಳ ಕೊನೆಯ ಭಾನುವಾರ ವಿಶ್ವ ಪಿನ್‌ಹೋಲ್ ಛಾಯಾಗ್ರಹಣ ದಿನವಿದೆ, 2001ರಿಂದ ನಡೆದುಬಂದಿದೆ. ಯಾರು ಬೇಕಾದರೂ ಒಂದು ಚಿತ್ರ ಕಳುಹಿಸಬಹುದು, ಅದು ಅದೇ ದಿನ ತೆಗೆದದ್ದಾಗಿರಬೇಕು. ಏಪ್ರಿಲ್ ಕೊನೆಗೆ ನಮ್ಮಲ್ಲಿ ಮಧ್ಯಾಹ್ನದ ಮೇಲೆ ಮಳೆ ಬರುವುದುಂಟು, ಬೆಳಿಗ್ಗೆಯೇ ಮುಗಿಸಿಕೊಳ್ಳಿ.