ಒಲೆ ಹೊಸದು, ಹೊಗೆಗೂಡು ಹಳೆಯದು

ತೆರೆದ ಅಗ್ಗಿಷ್ಟಿಕೆ ನೋಡಲು ಚೆಂದ, ಆದರೆ ಕೋಣೆ ಬೆಚ್ಚಗಾಗಿಸುವುದರಲ್ಲಿ ತೀರಾ ಹಿಂದೆ. ಸೌದೆಯ ಬಿಸಿಯಲ್ಲಿ ಬಹುಪಾಲು ಹೊಗೆಗೂಡು ಹತ್ತಿ ಹೊರಟುಹೋಗುತ್ತದೆ. ಅದಕ್ಕಾಗಿಯೇ ಅಗ್ಗಿಷ್ಟಿಕೆಯ ಬಾಯೊಳಗೆ ಗಾಜಿನ ಬಾಗಿಲಿನ ಲೋಹದ ಒಲೆಯನ್ನು, ಅಂದರೆ ಇನ್ಸರ್ಟ್ ಅನ್ನು, ಕೂರಿಸುತ್ತಾರೆ. ಗಾಳಿ ಹಿಡಿತಕ್ಕೆ ಬರುತ್ತದೆ, ಸೌದೆ ಉಳಿಯುತ್ತದೆ. ಆದರೆ ಹೀಗೆ ಉಳಿಸಿದ ಬಿಸಿಯೇ ಇಷ್ಟು ದಿನ ಆ ಇಟ್ಟಿಗೆಯ ಗೂಡನ್ನು ನಡೆಸುತ್ತಿತ್ತು.

ಬಿಸಿ ಅನಿಲ ಹೊರಗಿನ ತಂಪು ಗಾಳಿಗಿಂತ ಹಗುರ. ಹೊಗೆ ಮೇಲೇರುವುದು ಅದರಿಂದ. ತೆರೆದ ಬೆಂಕಿಗೆಂದು ಕಟ್ಟಿದ ಗೂಡಿನ ಒಳಭಾಗ 30 ಸೆಂ.ಮೀ. ಚೌಕವಿದ್ದರೆ ವಿಸ್ತೀರ್ಣ 900 ಚದರ ಸೆಂ.ಮೀ. ಇನ್ಸರ್ಟ್‌ನ ಹೊಗೆಬಾಯಿ ಹೆಚ್ಚಾಗಿ 15 ಸೆಂ.ಮೀ. ವ್ಯಾಸದ್ದು, ವಿಸ್ತೀರ್ಣ ಸುಮಾರು 177. ಇಷ್ಟು ಕಿರಿದರಿಂದ ಐದು ಪಟ್ಟು ವಿಸ್ತೀರ್ಣಕ್ಕೆ ಬಂದ ಹೊಗೆಯ ವೇಗ ಐದನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ಮೊದಲೇ ಬಿಸಿ ಕಡಿಮೆ. ತೆವಳುತ್ತಾ ಏರುವಾಗ ಉಳಿದದ್ದನ್ನೂ ಇಟ್ಟಿಗೆ ಹೀರಿಕೊಳ್ಳುತ್ತದೆ. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣಿದ ಹೊಗೆಯಲ್ಲಿರುವ, ಪೂರ್ತಿ ಉರಿಯದ ಟಾರಿನ ಆವಿ ಗೋಡೆಗೆ ಅಂಟುತ್ತದೆ. ಅದೇ ಕ್ರಿಯೋಸೋಟ್. ಹಸಿ ಸೌದೆ ಸುಟ್ಟರೆ, ರಾತ್ರಿಯಿಡೀ ಗಾಳಿ ಬಿಗಿದು ಬೆಂಕಿಯನ್ನು ಹೊಗೆಯಾಡಿಸಿದರೆ ಅದು ಬಲುಬೇಗ ದಪ್ಪವಾಗುತ್ತದೆ, ಗಾಜಿನಂತೆ ಗಟ್ಟಿಯಾಗುತ್ತದೆ.

ಕ್ರಿಯೋಸೋಟ್ ಉರಿಯುವ ವಸ್ತು. ಅದಕ್ಕೆ ಕಿಡಿ ತಗುಲಿದರೆ ಗೂಡಿನೊಳಗಿನ ಶಾಖ 1,000 ಡಿಗ್ರಿ ದಾಟಬಲ್ಲದು. ಆ ಹೊಡೆತಕ್ಕೆ ಒಳಗಿನ ಸುಟ್ಟಮಣ್ಣಿನ ಹಂಚುಗಳು ಬಿರಿಯುತ್ತವೆ. ತೀರಾ ಹಳೆಯ ಗೂಡುಗಳಲ್ಲಿ ಹಂಚೂ ಇಲ್ಲ, ಇಟ್ಟಿಗೆ ಮತ್ತು ಉದುರುತ್ತಿರುವ ಗಾರೆ ಮಾತ್ರ. ಬಿರುಕಿನಿಂದ ಜ್ವಾಲೆ ಅಟ್ಟದ ತೊಲೆಗೆ ತಾಗಬಹುದು. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗುವ ಕೋಣೆಗೆ ನುಸುಳಬಹುದು. ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸುವುದು ಸದ್ದಿಲ್ಲದ ಅಪಾಯ: ಇಟ್ಟಿಗೆಗೆ ಒತ್ತಿಕೊಂಡ ಮರ ವರ್ಷಗಟ್ಟಲೆ ಬಿಸಿಗೆ ಬೇಯುತ್ತಾ ಮೆಲ್ಲಗೆ ಇದ್ದಿಲಿನತ್ತ ಸಾಗುತ್ತದೆ, ಹೊಸ ಮರಕ್ಕಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ. ಮನೆಯೊಳಗಿನ ಇಟ್ಟಿಗೆ ಗೂಡಿಗೂ ಮರಕ್ಕೂ ನಡುವೆ 5 ಸೆಂ.ಮೀ. ಅಂತರ ಬೇಕೆಂದು ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 211ನೇ ಮಾನದಂಡ ಹೇಳುವುದು ಇದಕ್ಕೇ. ಹಳೆಯ ಮನೆಗಳಲ್ಲಿ ಆ ಅಂತರ ಎಷ್ಟೋ ಸಲ ಇರುವುದೇ ಇಲ್ಲ.

ಪರಿಹಾರ ಕಷ್ಟದ್ದಲ್ಲ. ಇನ್ಸರ್ಟ್‌ನ ಹೊಗೆಬಾಯಿಯಿಂದ ಗೂಡಿನ ತುದಿಯವರೆಗೆ, ಅದೇ ವ್ಯಾಸದ ಸ್ಟೇನ್‌ಲೆಸ್ ಸ್ಟೀಲ್ ಲೈನರ್, ಅಂದರೆ ಒಳಕೊಳವೆ, ಇಳಿಸಿ ಸುತ್ತ ಶಾಖನಿರೋಧಕ ಹೊದಿಕೆ ಕೊಡುವುದು. ಹೊಗೆ ಬೆಚ್ಚಗೆ, ವೇಗವಾಗಿ ಏರುತ್ತದೆ. ಹೊರಗಿನ ಇಟ್ಟಿಗೆ ತಂಪಾಗಿರುತ್ತದೆ. ಖರ್ಚು ಉಳಿಸಲು ಲೈನರ್ ಬಿಟ್ಟು ಒಲೆಯನ್ನು ಬರಿದೆ ಒಳಗೆ ತಳ್ಳುವ ಪದ್ಧತಿಯನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಒಲೆ ಕೂತ ಮೇಲೆ ಗೂಡಿನ ಬಾಯಿ ಮರೆಯಾಗುವುದರಿಂದ ಕ್ಯಾಮೆರಾ ಇಳಿಸಿ ಬಿರುಕು ಹುಡುಕುವ ಕೆಲಸ ಮೊದಲೇ ಮುಗಿಯಬೇಕು. ಲೈನರ್ ಇದ್ದರೆ ಮುಂದೆ ಗುಡಿಸುವುದೂ ಸುಲಭ: ಮೇಲಿನಿಂದ ಬ್ರಷ್ ಆಡಿಸಿದರೆ ಮಸಿ ನೇರ ಒಲೆಯೊಳಕ್ಕೆ ಬೀಳುತ್ತದೆ. ಇಲ್ಲದಿದ್ದರೆ ಅದು ಒಲೆಯ ಹಿಂದೆ, ನೆತ್ತಿಯ ಮೇಲೆ ಗುಡ್ಡೆಯಾಗುತ್ತದೆ, ತೆಗೆಯಲು ಪ್ರತಿಸಲ ಆ ಭಾರದ ಒಲೆಯನ್ನೇ ಹೊರಗೆಳೆಯಬೇಕು.