ಬಿಡದಿಯಲ್ಲಿ ಮನೆ ತಗೊಳ್ಳೋದಾ, ರಾಮನಗರದಲ್ಲಾ?

ಪ್ರಶ್ನೆ: "ನಾನು ಗಾಂಧಿನಗರದ ಒಂದು ಆಫೀಸಿನಲ್ಲಿ ಅಕೌಂಟೆಂಟ್. ಹೆಂಡತಿ ಕೆಂಗೇರಿಯಲ್ಲಿ ಟೀಚರ್. ಆರನೇ ಕ್ಲಾಸಿನ ಮಗಳಿದ್ದಾಳೆ, ಜೊತೆಗೆ ನಮ್ಮ ತಾಯಿ ಇದ್ದಾರೆ. ನಾಗರಭಾವಿಯಲ್ಲಿ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ. ಸಾಲವೂ ಸೇರಿ ನಮ್ಮ ಕೈಗೆ ಎಟುಕುವುದು 60 ಲಕ್ಷ. ಬಿಡದಿ ಹತ್ತಿರ ಅಂತ ನಾನು, ರಾಮನಗರವೇ ಆಗಲಿ ಅಂತ ಅವಳು. ಯಾವುದು ಸರಿ?"

ಈ ಪ್ರಶ್ನೆ ನನಗೆ ಆಗಾಗ ಬರುತ್ತಲೇ ಇರುತ್ತದೆ. ಊರಿನ ಹೆಸರು ಮಾತ್ರ ಬೇರೆ. ನೆಲಮಂಗಲವೋ ದಾಬಸ್‌ಪೇಟೆಯೋ, ಚಂದಾಪುರವೋ ಅತ್ತಿಬೆಲೆಯೋ, ದೇವನಹಳ್ಳಿಯೋ ದೊಡ್ಡಬಳ್ಳಾಪುರವೋ. ಮೈಸೂರು ರಸ್ತೆಯ ಈ ಜೋಡಿ ಮಾತ್ರ ನನಗೆ ಚೆನ್ನಾಗಿ ಗೊತ್ತು. ಬಿಡದಿಯಲ್ಲಿ ಎರಡು ವರ್ಷ ಬಾಡಿಗೆಗಿದ್ದೆ, ಆಮೇಲೆ ರಾಮನಗರದಲ್ಲಿ ಮನೆ ತಗೊಂಡೆ. ಅಂದಮೇಲೆ ನಾನು ಯಾರ ಕಡೆ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅದನ್ನು ಮನಸ್ಸಲ್ಲಿಟ್ಟುಕೊಂಡೇ ಮುಂದೆ ಓದಿ.

ನೀವು ಹೇಳಿದ ಸಂಸಾರಕ್ಕೆ ರಾಮನಗರವೇ ಸರಿ. ನಿಮ್ಮ ಮನೆಯವರು ಗೆದ್ದರು.

ಮೊದಲು ದೂರದ ವಿಷಯ. ಮೆಜೆಸ್ಟಿಕ್ಕಿನಿಂದ ಬಿಡದಿಗೆ 30 ಕಿಲೋಮೀಟರ್ ಚಿಲ್ಲರೆ, ರಾಮನಗರಕ್ಕೆ 50ರ ಹತ್ತಿರ. ಕಾಗದದ ಮೇಲೆ ಬಿಡದಿಯೇ ಮುಂದು. ಆದರೆ ನೀವು ದಿನಾ ಹೋಗುವುದು ಗಾಂಧಿನಗರಕ್ಕೆ, ಅಂದರೆ ಬೆಂಗಳೂರು ಸಿಟಿ ರೈಲ್ವೆ ಸ್ಟೇಷನ್ನಿನಿಂದ ನಡೆದೇ ಹೋಗುವಷ್ಟು ದೂರಕ್ಕೆ. ಮನೆಯವರದು ಕೆಂಗೇರಿ, ಅದೂ ಇದೇ ಹಳಿಯ ಮೇಲೆ. ನಿಮ್ಮದು ರೈಲಿನ ಸಂಸಾರ. ರೈಲಿನವರು ಕಿಲೋಮೀಟರ್ ನೋಡಬಾರದು, ಯಾವ ರೈಲು ಎಲ್ಲಿ ನಿಲ್ಲುತ್ತದೆ ಅಂತ ನೋಡಬೇಕು. ಮೆಮು ಅನ್ನುವ ಲೋಕಲ್ ರೈಲುಗಳು ಎರಡೂ ಊರಲ್ಲಿ ನಿಲ್ಲುತ್ತವೆ. ಎಕ್ಸ್‌ಪ್ರೆಸ್‌ಗಳ ಕಥೆ ಬೇರೆ. ಅವುಗಳಲ್ಲಿ ಹಲವು ಕೆಂಗೇರಿ ಬಿಟ್ಟರೆ ಮುಂದೆ ನಿಲ್ಲುವುದು ರಾಮನಗರದಲ್ಲೇ, ಬಿಡದಿಯಲ್ಲಿ ಹಾರ್ನ್ ಹೊಡೆದುಕೊಂಡು ಹೋಗಿಬಿಡುತ್ತವೆ. ಬಿಡದಿ ಪ್ಲಾಟ್‌ಫಾರ್ಮಿನಲ್ಲಿ ಒಂದು ಮೆಮು ತಪ್ಪಿಸಿಕೊಂಡು, ಮುಂದಿನದಕ್ಕೆ ಕಾಯುತ್ತಾ, ಕಣ್ಣೆದುರೇ ಎರಡು ರೈಲು ನಿಲ್ಲದೆ ಓಡಿಹೋಗಿದ್ದನ್ನು ನೋಡಿದ ದಿನವೇ ನನ್ನ ಮನಸ್ಸು ರಾಮನಗರದ ಕಡೆ ವಾಲಿತ್ತು.

ಹಾಗಂತ ರಾಮನಗರದ ಬೆಳಗಿನ ರೈಲು ಸುಖ ಅಂದುಕೊಳ್ಳಬೇಡಿ. ಮೈಸೂರಿನಿಂದ ಬರುವ ಚಾಮುಂಡಿ ಎಕ್ಸ್‌ಪ್ರೆಸ್ ನಮ್ಮಲ್ಲಿಗೆ ಬರುವಷ್ಟರಲ್ಲಿ ಮಂಡ್ಯ, ಮದ್ದೂರು, ಚನ್ನಪಟ್ಟಣದವರು ಕರ್ಚೀಫು ಹಾಕಿ, ಬ್ಯಾಗು ಇಟ್ಟು, ಇಸ್ಪೀಟು ಹಂಚಿ ಆಗಿರುತ್ತದೆ. ರಾಮನಗರದಲ್ಲಿ ಹತ್ತಿದವರಿಗೆ ಸೀಟು ಸಿಕ್ಕಿತು ಅಂದರೆ ಅವತ್ತು ಯಾವುದೋ ರಜಾ ಇದೆ ಅಂತಲೇ ಅರ್ಥ. ಒಂದು ಗಂಟೆ ನಿಲ್ಲುವ ಕಾಲು ಬೇಕು. ಆದರೆ ಆ ಒಂದು ಗಂಟೆ ಹೆಚ್ಚುಕಡಿಮೆ ಒಂದು ಗಂಟೆಯೇ ಆಗಿರುತ್ತದೆ. ಮಳೆ ಬಂದರೂ ಎರಡಾಗುವುದು ಅಪರೂಪ. ಸೀಸನ್ ಪಾಸಿಗೆ ತಿಂಗಳಿಗೆ ಕೊಡುವ ದುಡ್ಡು ಕೇಳಿದರೆ ನಿಮ್ಮ ಬೈಕಿನ ಪೆಟ್ರೋಲ್ ನಾಚಿಕೊಳ್ಳುತ್ತದೆ. ಮನೆಯವರಿಗೆ ರೈಲು ತಪ್ಪಿದರೂ ತೊಂದರೆ ಇಲ್ಲ. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸಿದೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡೇ ಇಲ್ಲ.

ಇನ್ನು ರಸ್ತೆ. "ಹೈವೇ ಆಗಿದೆಯಲ್ಲ ಸಾರ್, ಬಿಡದಿಯಿಂದ ಅರ್ಧ ಗಂಟೆ" ಅಂತ ಬ್ರೋಕರ್ ಹೇಳಿರುತ್ತಾನೆ. ಅವನು ಹೇಳುವುದು ಬಿಡದಿಯಿಂದ ಕೆಂಗೇರಿಗೆ, ಮೆಜೆಸ್ಟಿಕ್ಕಿಗಲ್ಲ. ಕೆಂಗೇರಿ ದಾಟಿದ ಮೇಲೆ ಅದೇ ಹಳೇ ಮೈಸೂರು ರಸ್ತೆ, ಅದೇ ನಾಯಂಡಹಳ್ಳಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ಹೈವೇಯ ಟೋಲು ಬೇರೆ ಕೆಂಗೇರಿಗೂ ಬಿಡದಿಗೂ ನಡುವೆಯೇ ಕೂತಿದೆ. ಒಂದು ದಿಕ್ಕಿಗೆ ಕಣಮಿಣಿಕೆ, ಇನ್ನೊಂದು ದಿಕ್ಕಿಗೆ ಶೇಷಗಿರಿಹಳ್ಳಿ. ಅಂದರೆ ಬಿಡದಿಯವರೂ ಕಟ್ಟಬೇಕು, ರಾಮನಗರದವರೂ ಕಟ್ಟಬೇಕು. ಹತ್ತಿರ ಇದ್ದ ತಪ್ಪಿಗೆ ರಿಯಾಯಿತಿ ಏನಿಲ್ಲ. ಸ್ವಂತ ಕಾರಿದ್ದರೆ 2025ರ ಆಗಸ್ಟ್‌ನಲ್ಲಿ 3,000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಬಹುದು. ಹೆಸರು ವಾರ್ಷಿಕ, ಆದರೆ ಮಿತಿ 200 ಟ್ರಿಪ್ಪು. ದಿನಾ ಹೋಗಿ ಬರುವವರಿಗೆ ನಾಲ್ಕು ತಿಂಗಳಲ್ಲಿ ಖಾಲಿ. ಬೈಕು ಅಂತೀರಾ? 2023ರ ಆಗಸ್ಟ್ 1ರಿಂದ ಹೈವೇಯ ಮುಖ್ಯ ರಸ್ತೆಗೆ ಬೈಕು, ಆಟೋ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಬನ್ನಿ, ಹಂಪು ಎಣಿಸುತ್ತಾ ಬನ್ನಿ.

ಬಿಡದಿ ತನಕ ಮೆಟ್ರೋ ಬರುತ್ತೆ ಅನ್ನುವ ಮಾತಿಗೆ ಈಗಲೇ ದುಡ್ಡು ಕೊಡಬೇಡಿ. ಮೈಸೂರು ರಸ್ತೆ ನಿಲ್ದಾಣಕ್ಕೆ ಮೆಟ್ರೋ ಬಂದಿದ್ದು 2015ರ ನವೆಂಬರ್‌ನಲ್ಲಿ. ಅಲ್ಲಿಂದ ಕೆಂಗೇರಿಗೆ 7.5 ಕಿಲೋಮೀಟರ್. ಅದಕ್ಕೆ 2021ರ ಆಗಸ್ಟ್ ಆಯಿತು. ಪಕ್ಕದ ಚಲ್ಲಘಟ್ಟಕ್ಕೆ ಬಂದಿದ್ದು 2023ರ ಅಕ್ಟೋಬರ್‌ನಲ್ಲಿ. ನಿಮ್ಮ ಮಗಳು ಈಗ ಆರನೇ ಕ್ಲಾಸು. ಲೆಕ್ಕ ನೀವೇ ಹಾಕಿ. ಬರುವುದೇ ಇಲ್ಲ ಅಂತಲ್ಲ, ಬಾರದ ಮೆಟ್ರೋಗೆ ಇವತ್ತಿನ ಚದರಡಿ ಲೆಕ್ಕದಲ್ಲಿ ಹಣ ಕಟ್ಟಬೇಡಿ ಅಂತ.

ಇಲ್ಲಿಯವರೆಗೆ ನಿಮ್ಮಿಬ್ಬರ ಮಾತಾಯಿತು. ನಾನು ಜಾಸ್ತಿ ಯೋಚನೆ ಮಾಡುವುದು ನಿಮ್ಮ ತಾಯಿಯವರ ಬಗ್ಗೆ. ನೀವು ಬೆಳಗ್ಗೆ ಬಿಟ್ಟು ರಾತ್ರಿ ಬರುವವರು, ನಿಮಗೆ ಅದು ಮಲಗುವ ಊರು. ದಿನವಿಡೀ ಆ ಊರಲ್ಲಿ ಇರುವವರು ಅವರು. ಬೆಳಗ್ಗೆ ಹನ್ನೊಂದಕ್ಕೆ ಅಡುಗೆ ಮುಗಿಸಿ ಬಾಗಿಲು ತೆಗೆದರೆ ಅವರ ಕಣ್ಣಿಗೆ ಏನು ಕಾಣಬೇಕು?

ಬಿಡದಿ ಮೊದಲು ತಟ್ಟೆ ಇಡ್ಲಿಗೆ ನಿಲ್ಲುವ ಊರಾಗಿತ್ತು, ಆಮೇಲೆ ಟೊಯೋಟಾ ಬಂತು, ಕೈಗಾರಿಕಾ ಪ್ರದೇಶ ಬೆಳೆಯಿತು. ನಾನಿದ್ದ ಲೇಔಟಿನಲ್ಲಿ ನಾಲ್ಕು ಮನೆಗೆ ಮೂರರಲ್ಲಿ ಶಿಫ್ಟಿನ ಹುಡುಗರು. ಒಳ್ಳೆಯವರೇ. ಆದರೆ ಹಗಲೆಲ್ಲಾ ಬಾಗಿಲು ಹಾಕಿ ನಿದ್ದೆ. ಸಕ್ಕರೆ ಕೇಳಲು ಪಕ್ಕದ ಮನೆ ಅಂತ ಒಂದಿರಲಿಲ್ಲ. ನಮ್ಮತ್ತೆ ಬಂದು ಎಂಟು ದಿನ ಇದ್ದು, "ಇಲ್ಲಿ ಬೀದಿ ಐತೆ, ಕೇರಿ ಇಲ್ಲ ಕಣಪ್ಪ" ಅಂದು ಬಸ್ಸು ಹತ್ತಿದರು. ರಾಮನಗರ ಹಳೇ ಪೇಟೆ. ಒಂದು ಕಾಲಕ್ಕೆ ಶಂಷೇರಾಬಾದ್, ಬ್ರಿಟಿಷರ ಕಾಲಕ್ಕೆ ಕ್ಲೋಸ್‌ಪೇಟೆ. 2007ರಲ್ಲಿ ಜಿಲ್ಲಾ ಕೇಂದ್ರವಾಯಿತು. ಜಿಲ್ಲಾಸ್ಪತ್ರೆ ಊರೊಳಗೇ ಇದೆ, ಪೆನ್ಷನ್ ಕೆಲಸಕ್ಕೆ ಖಜಾನೆ ಇದೆ. ಸೊಪ್ಪಿನವಳು ಹೆಸರು ಹಿಡಿದು ಕೂಗುತ್ತಾಳೆ. ವಯಸ್ಸಾದವರಿಗೆ ಇದೆಲ್ಲ ಬೇಕು ಅಲ್ವಾ?

ಈ ಜಿಲ್ಲೆಯ ಹೆಸರಿನ ಬಗ್ಗೆ ಒಂದು ಮಾತು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟಿತು. ಬೆಂಗಳೂರು ದಕ್ಷಿಣ ಅಂತ ಒಂದು ತಾಲ್ಲೂಕು ಮೊದಲಿನಿಂದಲೂ ಇದೆ, ಒಂದು ಲೋಕಸಭಾ ಕ್ಷೇತ್ರವೂ ಇದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆ ಹೆಸರಿನ ನಗರ ಪಾಲಿಕೆಯೂ ಬಂತು. ಹಾಗಾಗಿ "ಬೆಂಗಳೂರು ದಕ್ಷಿಣದಲ್ಲಿ ಸೈಟು, ಬುಕಿಂಗ್ ಶುರು" ಅನ್ನುವ ಜಾಹೀರಾತು ನೋಡಿದರೆ ಯಾವ ದಕ್ಷಿಣ ಅಂತ ಕೇಳಿ. ಜಯನಗರ ಅಂದುಕೊಂಡು ಹೋಗಿ ಕನಕಪುರದ ಕಾಡಂಚಿನಲ್ಲಿ ಇಳಿಯಬೇಕಾದೀತು.

ಬಿಡದಿಯಲ್ಲಿ ನೋಡಿಯೇ ನೋಡುತ್ತೇನೆ ಅಂದರೆ ಎರಡು ವಿಷಯ ತಿಳಿದಿರಲಿ. ಒಂದು ನೀರು. ಬೆಂಗಳೂರಿನ ಕೊಳಚೆ ಹೊತ್ತು ವೃಷಭಾವತಿ ಬಂದು ಸೇರುವುದು ಬೈರಮಂಗಲದ ಕೆರೆಗೆ, ಅದು ಬಿಡದಿ ಪಕ್ಕದಲ್ಲೇ. ಆ ದಿಕ್ಕಿನಲ್ಲಿ ಮನೆ ನೋಡುತ್ತಿದ್ದರೆ ಬೋರ್‌ವೆಲ್ ನೀರನ್ನು ಬಾಟಲಿಗೆ ತುಂಬಿಸಿ ಲ್ಯಾಬಿಗೆ ಕೊಡದೆ ಮುಂಗಡ ಕೊಡಬೇಡಿ. ಮಾರುವವರು ಕೊಡುವ ರಿಪೋರ್ಟ್ ಅಲ್ಲ, ನೀವೇ ಕೊಟ್ಟು ತೆಗೆಸಿದ್ದು. ಎರಡು, ಟೌನ್‌ಶಿಪ್. ಬೈರಮಂಗಲ, ಕಂಚುಗಾರನಹಳ್ಳಿ ಸುತ್ತ ಸಾವಿರಾರು ಎಕರೆ ಸ್ವಾಧೀನಕ್ಕೆ ಸರ್ಕಾರ ಅಧಿಸೂಚನೆ ಹೊರಡಿಸಿದೆ, ರೈತರು ಧರಣಿ ಕೂತಿದ್ದಾರೆ. ಟೌನ್‌ಶಿಪ್ ಪಕ್ಕದಲ್ಲಿದ್ದರೆ ರೇಟು ಏರುತ್ತದೆ ಅಂತ ಬ್ರೋಕರ್ ಖುಷಿಯಾಗಿ ಹೇಳುತ್ತಾನೆ. ನೀವು ನೋಡಿದ ಸರ್ವೆ ನಂಬರ್ ಅದರ ಪಕ್ಕದಲ್ಲಿದೆಯೋ ಒಳಗೇ ಇದೆಯೋ ಅಂತ ಅಧಿಸೂಚನೆಯ ಪಟ್ಟಿ ಹಿಡಿದು ನೀವು ನೋಡಬೇಕು.

ಬಿಡದಿ ಯಾರಿಗೆ ಸರಿ? ಅಲ್ಲಿನ ಫ್ಯಾಕ್ಟರಿಯಲ್ಲೇ ಕೆಲಸ ಇರುವವರಿಗೆ. ಇಬ್ಬರದೂ ಆಫೀಸು ಕೆಂಗೇರಿಯ ಆಚೀಚೆ ಇದ್ದು ಕಾರು ಇರುವವರಿಗೆ. ಮೇಲೊಂದು ಮನೆ ಕಟ್ಟಿ ಬಾಡಿಗೆ ನೋಡುವವರಿಗೆ. ನೀವು ಈ ಮೂರರಲ್ಲಿ ಯಾವುದೂ ಅಲ್ಲ.

ರಾಮನಗರದ ಹುಳುಕೂ ಹೇಳಿಬಿಡುತ್ತೇನೆ. ಇದು ರೇಷ್ಮೆ ಊರು. ಗೂಡಿನ ಮಾರ್ಕೆಟ್ ದೊಡ್ಡದು, ಗೂಡು ಬೇಯಿಸಿ ನೂಲು ತೆಗೆಯುವ ಘಟಕಗಳು ಕೆಲವು ಬಡಾವಣೆಗಳಲ್ಲಿ ಮನೆಗಳ ಸಂದಿಯಲ್ಲೇ ಇವೆ. ಬೆಂದ ಹುಳುವಿನ ವಾಸನೆ ಹೇಗಿರುತ್ತದೆ ಅಂತ ಬರೆದು ತಿಳಿಸಲು ಆಗಲ್ಲ. ಹುಟ್ಟಿ ಬೆಳೆದವರಿಗೆ ಗೊತ್ತೇ ಆಗುವುದಿಲ್ಲ, ಹೊರಗಿನವರಿಗೆ ಊಟ ಸೇರುವುದಿಲ್ಲ. ಭಾನುವಾರ ಮಧ್ಯಾಹ್ನ ಮನೆ ತೋರಿಸಿದರೆ, ವಾರದ ದಿನ ಬೆಳಗ್ಗೆ ಏಳಕ್ಕೆ ಇನ್ನೊಂದು ಸಲ ಹೋಗಿ ಉಸಿರೆಳೆದುಕೊಂಡು ಬನ್ನಿ.

ಇನ್ನೊಂದು ಪ್ರವಾಹ. 2022ರ ಆಗಸ್ಟ್ ಕೊನೆಯ ಮಳೆಯಲ್ಲಿ ರಾಮನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು, ಹೈವೇ ಕೂಡ ಮುಳುಗಿತು. ನಮಗೆ ಬೇಕಾದವರೊಬ್ಬರ ಮನೆಯೊಳಗೆ ಸೊಂಟದವರೆಗೆ ನೀರಿತ್ತು. ಆಮೇಲೆ ಎರಡು ಸಲ ಬಣ್ಣ ಹೊಡೆಸಿದರು. ಆದರೂ ಬೀರು ಸರಿಸಿದರೆ ಅದರ ಹಿಂದಿನ ಗೋಡೆಯಲ್ಲಿ ಕಂದು ಗೆರೆ ಇನ್ನೂ ಕಾಣುತ್ತದೆ. ಹಾಗಾಗಿ ಅರ್ಕಾವತಿ ಹತ್ತಿರ, ಕೆರೆ ಕೆಳಗೆ ಮನೆ ನೋಡಿದರೆ ಹಾಲ್ ನೋಡಬೇಡಿ, ಬೀರುವಿನ ಹಿಂದೆ ನೋಡಿ. ಎದುರು ಮನೆಯವರನ್ನು "ಆ ವರ್ಷ ಇಲ್ಲಿಗೆ ನೀರು ಎಲ್ಲಿತನಕ ಬಂದಿತ್ತು?" ಅಂತಲೇ ಕೇಳಿ. ಬಂದಿತ್ತಾ ಅಂತ ಕೇಳಿದರೆ ಇಲ್ಲ ಅಂತಾರೆ.

ಕಾಗದಪತ್ರದ ವಿಷಯದಲ್ಲಿ ನಾನು ಕೈಸುಟ್ಟುಕೊಂಡವನು. ಬಿಡದಿಯಲ್ಲಿದ್ದಾಗ ಒಂದು ಲೇಔಟ್ ನೋಡಿದ್ದೆ. ಕಮಾನು, ಡಾಂಬರು ರಸ್ತೆ, ಬೀದಿ ದೀಪ, ಗಣಪತಿ ಗುಡಿ ಎಲ್ಲಾ ಇತ್ತು. ಪಂಚಾಯ್ತಿ ಕಾಗದ ಅಂತ 11ಬಿ ತೋರಿಸಿದರು. ನನಗೆ 11ಎಗೂ 11ಬಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇದ್ದರೆ ಸರಿಯಾದ ಆಸ್ತಿ, 11ಬಿ ಅಂದರೆ ಕೃಷಿ ಜಮೀನಿನ ಕನ್ವರ್ಷನ್ನೋ ಪ್ಲಾನೋ ಏನೋ ಒಂದು ಬಾಕಿ ಇದೆ ಅಂತ. ಬಹಳಷ್ಟು ಬ್ಯಾಂಕುಗಳು ಅದಕ್ಕೆ ಸಾಲ ಕೊಡುವುದಿಲ್ಲ. 50 ಸಾವಿರ ಮುಂಗಡ ಕೊಟ್ಟ ಮೇಲೆ ವಕೀಲರ ಹತ್ತಿರ ಹೋದೆ. ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿದ್ದೇ ತಪ್ಪು. ಅವರು ಹಳೇ ಪಹಣಿ, ಮ್ಯುಟೇಷನ್ ತೆಗೆಸಿದರು. ಆ ಜಮೀನು ದಶಕಗಳ ಹಿಂದೆ ಒಂದು ದಲಿತ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದು.

ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ, ನಮ್ಮವರು ಪಿಟಿಸಿಎಲ್ ಅನ್ನುವ 1978ರ ಕಾಯ್ದೆ ಪ್ರಕಾರ, ಆ ಕ್ರಯವೇ ಊರ್ಜಿತವಲ್ಲ. ಭೂಮಿ ಮೂಲ ಕುಟುಂಬಕ್ಕೆ ವಾಪಸ್ ಹೋಗಬಹುದು. 2023ರ ತಿದ್ದುಪಡಿ ಆದ ಮೇಲೆ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಕಾಯ್ದೆ ಸರಿಯಾಗಿಯೇ ಇದೆ. ಮೂರು ಕಾಸಿಗೆ ಬರೆಸಿಕೊಂಡ ಜಮೀನಿಗೆ ಕಮಾನು ಕಟ್ಟಿ ಮಾರಿದವರದು ತಪ್ಪು, ನೋಡದೆ ದುಡ್ಡು ಕೊಟ್ಟ ನನ್ನದೂ ತಪ್ಪು. ಮುಂಗಡದಲ್ಲಿ ವಾಪಸ್ ಬಂದಿದ್ದು 20 ಸಾವಿರ, ಅದೂ ಹದಿನಾಲ್ಕು ಸಲ ಓಡಾಡಿದ ಮೇಲೆ.

ಆದ್ದರಿಂದ ಇಸಿ, ಅಂದರೆ ಋಣಭಾರ ಪತ್ರ, ಒಂದೇ ಸಾಲದು. ನೋಂದಣಿ ಆದದ್ದು ಮಾತ್ರ ಇಸಿಯಲ್ಲಿ ಬರುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 30 ವರ್ಷದ ಇಸಿ ತೆಗೆಸಿ, ಜೊತೆಗೆ ಜಮೀನು ಮೊದಲು ಯಾರದು, ಹೇಗೆ ಬಂತು ಅನ್ನುವ ತನಕ ಹಿಂದಕ್ಕೆ ಹೋಗಿ. ಮೂಲದಲ್ಲಿ ಮಂಜೂರಾತಿ ಅನ್ನುವ ಪದ ಕಂಡರೆ ಅಲ್ಲೇ ನಿಲ್ಲಿ. ಪುರಸಭೆ, ನಗರಸಭೆ ವ್ಯಾಪ್ತಿಯಾದರೆ ಇ-ಖಾತೆ ಕೇಳಿ. 500 ಚದರ ಮೀಟರ್ ಮೀರಿದ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೇಳಿ, ಅವರ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ.

ಬಜೆಟ್ ಬಗ್ಗೆ. 60 ಲಕ್ಷ ಇದೆ ಅಂತ 60 ಲಕ್ಷದ ಮನೆ ನೋಡಬೇಡಿ. ಸ್ಟ್ಯಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ಸು, ಸರ್ಚಾರ್ಜು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ನಿಂದ 2% ಆಗಿದೆ. ಎಲ್ಲಾ ಸೇರಿ 7.6% ಹತ್ತಿರ. 55 ಲಕ್ಷದ ಮನೆಗೆ ಅದೇ 4 ಲಕ್ಷ 18 ಸಾವಿರ ಆಯಿತು. ವಕೀಲರು, ಗೃಹಪ್ರವೇಶ, ಸಂಪು ರಿಪೇರಿ, ಕಿಟಕಿಗೆ ಮೆಶ್ಶು ಅಂತ ಇನ್ನೂ ಇದೆ. 52ಕ್ಕೆ ನಿಲ್ಲಿಸಿದರೆ ಉಸಿರಾಡಬಹುದು.

ಕೊನೆಗೆ ಒಂದು ಕೆಲಸ ಮಾಡಿ. ಅಗ್ರಿಮೆಂಟಿಗೆ ಮುಂಚೆ ಒಂದು ಸೋಮವಾರ ರಾಮನಗರದಿಂದಲೇ ಆಫೀಸಿಗೆ ಹೋಗಿ. ಹಿಂದಿನ ರಾತ್ರಿ ಅಲ್ಲೇ ಯಾವುದಾದರೂ ಲಾಡ್ಜಿನಲ್ಲಿ ಇದ್ದು, ನೀವಿಬ್ಬರೂ ಬೆಳಗಿನ ರೈಲು ಹತ್ತಿ. ಸಂಜೆ ಅದೇ ದಾರಿಯಲ್ಲಿ ವಾಪಸ್ ಬನ್ನಿ. ನಿಮ್ಮ ತಾಯಿಯವರನ್ನೂ ಕರೆತಂದಿದ್ದರೆ, ನೀವು ಬರುವಷ್ಟರಲ್ಲಿ ಅವರು ಯಾರ ಜೊತೆ ಮಾತಾಡುತ್ತಾ ಕೂತಿದ್ದಾರೆ ಅಂತ ನೋಡಿ. ಅವರೊಬ್ಬರೇ ಟಿವಿ ನೋಡುತ್ತಾ ಕೂತಿದ್ದರೆ ನನಗೆ ಬರೆಯಿರಿ, ಚನ್ನಪಟ್ಟಣದ ಬಗ್ಗೆ ಮಾತಾಡೋಣ.