55 ಇಂಚಿನ ಖಾಲಿ ಡಬ್ಬಿ

ದಾವಣಗೆರೆ ಮಂಡಿಪೇಟೆ ಕಡೆ ನನ್ನ ಗೆಳೆಯಂದು ಒಂದು ಟಿವಿ ರಿಪೇರಿ ಅಂಗಡಿ ಇದೆ, ಹೋದ ತಿಂಗಳು ಒಂದಿನ ಸಂಜೆ ಟೀ ಕುಡಿಯೋಕೆ ಅಂತ ಹೋದಾಗ ಟೇಬಲ್ ಮೇಲೆ ಹಳೇ ಕಂಬಳಿ ಹಾಸಿ ಒಂದು 55 ಇಂಚಿನ ಟಿವಿನ ಬೋರಲು ಮಲಗಿಸಿ ಹಿಂದಿನ ಮುಚ್ಚಳ ಬಿಚ್ಚಿದ್ದ. ಇಣುಕಿ ನೋಡ್ದೆ. ತಗಡಿನ ದೊಡ್ಡ ಪರಾತದ ಥರ ಒಂದು ತಟ್ಟೆ, ನಡುವೆ ಅಂಗೈ ಅಗಲದ ಒಂದು ಬೋರ್ಡು, ಕೆಳಗೆ ಎರಡು ಪುಟಾಣಿ ಸ್ಪೀಕರು, ನಾಕು ವೈರು, ಮಿಕ್ಕಿದ್ದೆಲ್ಲ ಖಾಲಿ. "ಏನೋ ಇದು, ಒಳಗೆ ಏನೂ ಇಲ್ವಲ್ಲೋ" ಅಂದೆ. "ಇರೋದೇ ಇಷ್ಟು ಕಣೋ" ಅಂದ.

ಅದೇ ವಾರ ನಿಟ್ಟುವಳ್ಳಿಯಿಂದ ನಮ್ಮ ಮಾವನ ಫೋನು. "ಅಳಿಯಾ, ಆನ್‌ಲೈನಾಗೆ 55 ಇಂಚು 24 ಸಾವ್ರಕ್ಕೆ ಐತೆ, ಯಾವ್ದೋ ಹೆಸ್ರೇ ಕೇಳ್ದಿರೋ ಕಂಪನೀದು. ಪಿ.ಬಿ. ರೋಡಿನ ಅಂಗಡ್ಯಾಗೆ ಅಷ್ಟೇ ಸೈಜು, ಗೊತ್ತಿರೋ ಕಂಪನೀದು 44 ಅಂತಾನೆ. 20 ಸಾವ್ರ ಡಿಫರೆನ್ಸ್ ಎಲ್ಲಿಗೆ ಹೋತಪ? ಮೋಸ ಇರ್ಬೇಕಲ್ಲ?"

ಮೋಸ ಅಂತ ಹೇಳಕ್ಕಾಗಲ್ಲ. ಆದ್ರೆ ಆ 20 ಸಾವಿರ ಎಲ್ಲಿಗೆ ಹೋಯ್ತು ಅಂತ ಹುಡುಕಿದ್ರೆ ಮಜಾ ಇದೆ, ಯಾಕಂದ್ರೆ ಅದು ಹೋಗಿರೋದು ನಾವು ಅಂದ್ಕೊಳ್ಳೋ ಜಾಗಕ್ಕಲ್ಲ.

ನಾವೆಲ್ಲ ಅಂದ್ಕೊಳ್ಳೋದು ಅಗ್ಗದ ಟಿವಿ ಅಂದ್ರೆ ಅಗ್ಗದ ಗಾಜು ಅಂತ. ಆದ್ರೆ ಗಾಜಿನ ಪ್ಯಾನೆಲ್ಲನ್ನ ಸಣ್ಣ ಕಂಪನಿಗಳು ಮಾಡೋದೇ ಇಲ್ಲ, ಬಹಳಷ್ಟು ದೊಡ್ಡ ಕಂಪನಿಗಳೂ ಮಾಡಲ್ಲ. ಜಗತ್ತಿನ ದೊಡ್ಡ ಎಲ್‌ಸಿಡಿ ಪ್ಯಾನೆಲ್‌ಗಳಲ್ಲಿ ಬಹುಪಾಲು ಬರೋದು ಚೀನಾದ ಬಿಒಇ, ಸಿಎಸ್ಒಟಿ, ಎಚ್‌ಕೆಸಿ, ತೈವಾನಿನ ಎಯುಒ, ಇನ್ನೊಲಕ್ಸ್ ಥರದ ಬೆರಳೆಣಿಕೆ ಫ್ಯಾಕ್ಟರಿಗಳಿಂದ. ಸ್ಯಾಮ್‌ಸಂಗ್‌ನವರೇ 2022ರಲ್ಲಿ ಎಲ್‌ಸಿಡಿ ಪ್ಯಾನೆಲ್ ಮಾಡೋದು ನಿಲ್ಲಿಸಿ ಹೊರಗಿಂದ ತರಿಸಿಕೊಳ್ತಾರೆ. ಹಂಗಾಗಿ ಹೆಸರಿಲ್ಲದ ಟಿವಿ ಮುಂದಿರೋ ಗಾಜೂ ಹೆಸರಿರೋದರ ಗಾಜೂ ಒಂದೇ ಫ್ಯಾಕ್ಟರೀದಾಗಿರೋ ಚಾನ್ಸು ಚೆನ್ನಾಗೇ ಇದೆ. ಗ್ರೇಡು ಬೇರೆ ಇರಬಹುದು, ಅದು ಬೇರೆ ಮಾತು.

ಇನ್ನು 55 ಇಂಚೇ ಯಾಕೆ ಇಷ್ಟು ಅಗ್ಗ ಆಯ್ತು? ಇದಕ್ಕೆ ಉತ್ತರ ನಮ್ಮೂರಿನ ಹಳೇ ಹತ್ತಿ ಮಿಲ್ಲಿನವರಿಗೆ, ಟೈಲರ್‌ಗಳಿಗೆ ಬೇಗ ಹೊಳೆಯುತ್ತೆ. ಬಟ್ಟೆ ಅಗಲ ಎಷ್ಟಿದೆ, ಅದರಲ್ಲಿ ಎಷ್ಟು ಪೀಸು ಎದ್ದು ಬರುತ್ತೆ, ಎಷ್ಟು ಚಿಂದಿ ಉಳಿಯುತ್ತೆ, ಅಷ್ಟೇ ಲೆಕ್ಕ. ಪ್ಯಾನೆಲ್ ಫ್ಯಾಕ್ಟರೀಲಿ ಒಂದೊಂದೇ ಟಿವಿಗೆ ಗಾಜು ಮಾಡಲ್ಲ, ಒಂದು ಭಾರಿ ಹಾಳೆ ಮಾಡ್ತಾರೆ, ಅದಕ್ಕೆ ಮದರ್ ಗ್ಲಾಸ್ ಅಂತಾರೆ, ಆಮೇಲೆ ಕತ್ತರಿಸ್ತಾರೆ. 8.5ನೇ ತಲೆಮಾರು ಅನ್ನೋ ಫ್ಯಾಕ್ಟರೀಲಿ ಆ ಹಾಳೆ 2200 ಮಿ.ಮೀ. ಅಗಲ, 2500 ಮಿ.ಮೀ. ಉದ್ದ. 55 ಇಂಚಿನ ಪರದೆ ಸುಮಾರು 1218 ಮಿ.ಮೀ. ಅಗಲ, 685 ಮಿ.ಮೀ. ಎತ್ತರ. ಈಗ ಜೋಡಿಸಿ ನೋಡಿ: ಆ ಕಡೆ ಎರಡು ಇಟ್ರೆ 2436, ಈ ಕಡೆ ಮೂರು ಇಟ್ರೆ 2055, ಒಟ್ಟು 6 ಪೀಸು ಅಳತೆ ತಗೊಂಡು ಹೊಲಿದಂಗೆ ಕೂತ್ಕೊಳ್ಳುತ್ತೆ, ನೂರಕ್ಕೆ 90ಕ್ಕೂ ಹೆಚ್ಚು ಪಾಲು ಗಾಜು ಉಪಯೋಗಕ್ಕೆ ಬರುತ್ತೆ. ಅದೇ ಹಾಳೇಲಿ 65 ಇಂಚು ಕತ್ತರಿಸಿದ್ರೆ ಮೂರೇ ಪೀಸು, ಮಿಕ್ಕ ಜಾಗದಲ್ಲಿ ಸಣ್ಣ ಸೈಜೇ ಗತಿ. 65 ಇಂಚನ್ನ ಅಗ್ಗ ಮಾಡೋಕೆ ಅಂತ್ಲೇ ಇನ್ನೂ ದೊಡ್ಡ ಹಾಳೆ, 2940ಕ್ಕೆ 3370 ಮಿ.ಮೀ. ಇರೋ 10.5ನೇ ತಲೆಮಾರಿನ ಫ್ಯಾಕ್ಟರಿಗಳನ್ನ ಚೀನಾದಲ್ಲಿ ಕಟ್ಟಿದ್ರು, ಅದರಲ್ಲಿ 65 ಇಂಚಿನವು 8, 75 ಇಂಚಿನವು 6. ನಾವು "ಸೈಜು ದೊಡ್ಡದು, ರೇಟು ಕಮ್ಮಿ, ಏನೋ ಐತೆ" ಅಂತ ಅನುಮಾನ ಪಡೋದು ಚಿಂದಿ ಎಷ್ಟು ಉಳಿತು ಅನ್ನೋ ಲೆಕ್ಕದ ಮೇಲೆ. ಇದರ ಮೇಲೆ 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಕೂಡ 28ರಿಂದ 18 ಪರ್ಸೆಂಟಿಗೆ ಇಳೀತು.

ಗಾಜು ಹಂಗಾದ್ರೆ ಉಳಿಸೋದು ಎಲ್ಲಿ? ಬೆಳಕಲ್ಲಿ.

ಎಲ್‌ಸಿಡಿ ಗಾಜು ತಾನೇ ಬೆಳಗಲ್ಲ, ಅದೊಂದು ಕಿಟಕಿ. 4ಕೆ ಅಂದ್ರೆ 3840ನ್ನ 2160ರಿಂದ ಗುಣಿಸಿದಷ್ಟು, ಹತ್ತಿರ ಹತ್ತಿರ 83 ಲಕ್ಷ ಕಿಟಕಿ, ಒಂದೊಂದರಲ್ಲೂ ಕೆಂಪು ಹಸಿರು ನೀಲಿ ಅಂತ ಮೂರು ಬಾಗಿಲು. ಆ ಬಾಗಿಲನ್ನ ತೆಗೆದು ಮುಚ್ಚೋದು ದ್ರವ ಸ್ಫಟಿಕ, ಅಂದ್ರೆ ನೀರಿನ ಥರ ಹರಿಯೋ ಆದ್ರೆ ಅಣುಗಳು ಸಾಲಾಗಿ ನಿಂತಿರೋ ಒಂದು ವಿಚಿತ್ರ ಪದಾರ್ಥ. 1888ರಲ್ಲಿ ರೈನಿಟ್ಸರ್ ಅನ್ನೋ ಆಸ್ಟ್ರಿಯಾದ ಸಸ್ಯವಿಜ್ಞಾನಿ ಕ್ಯಾರೆಟ್ಟಿಂದ ತೆಗೆದ ಕೊಲೆಸ್ಟೆರಾಲ್ ಇಟ್ಕೊಂಡು ಕೆಲಸ ಮಾಡ್ವಾಗ, ಅದರದ್ದೊಂದು ಸಂಯುಕ್ತ 145.5 ಡಿಗ್ರೀಲಿ ಕರಗಿ ಮಜ್ಜಿಗೆ ಥರ ಮಬ್ಬಾಗಿ, 178.5 ಡಿಗ್ರೀಲಿ ಮತ್ತೆ ತಿಳಿಯಾಗಿದ್ದು ನೋಡಿ ತಲೆ ಕೆಡಿಸ್ಕೊಂಡ. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೇಲಿ ಎಸ್. ಚಂದ್ರಶೇಖರ್ ಮತ್ತೆ ಅವರ ಜೊತೆಗಾರರು 1977ರಲ್ಲಿ ಬಿಲ್ಲೆ ಆಕಾರದ ಅಣುಗಳೂ ದ್ರವ ಸ್ಫಟಿಕ ಆಗ್ತವೆ ಅಂತ ತೋರಿಸಿದ್ರು, ಆ ಬಿಲ್ಲೆ ಜಾತಿಯ ಅಣುಗಳನ್ನೇ ಬಳಸಿ ಮುಂದೆ ಎಲ್‌ಸಿಡಿ ಪರದೆನ ಓರೆಯಿಂದ ನೋಡಿದ್ರೂ ಕಾಣೋ ಹಂಗೆ ಮಾಡೋ ಫಿಲ್ಮುಗಳು ಬಂದ್ವು. ಟಿವಿ ಅಂಗಡೀಲಿ ಯಾರೂ ಇದನ್ನ ಹೇಳಲ್ಲ, ಹೇಳಿದ್ರೆ ವ್ಯಾಪಾರಾನೂ ಆಗಲ್ಲ.

ಸರಿ, ಕಿಟಕಿ ಹಿಂದೆ ದೀಪ ಬೇಕು. ಆ ಕಿಟಕಿ ಎಂಥ ಜಿಪುಣ ಅಂದ್ರೆ ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನ ಮಾತ್ರ ಬಿಡೋ ಧ್ರುವಕ ಪಟ್ಟಿ ಅರ್ಧ ಬೆಳಕು ನುಂಗುತ್ತೆ, ಬಣ್ಣದ ಫಿಲ್ಟರು ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ನುಂಗುತ್ತೆ, ಅಲ್ಲಿಗೇ ಆರರಲ್ಲಿ ಒಂದು, ಇನ್ನು ವೈರು ಚೌಕಟ್ಟು ಅಂತ ತಡೆಯೋದೆಲ್ಲ ಕಳೆದ್ರೆ ಹತ್ತರಲ್ಲಿ ಒಂದು ಪಾಲೂ ಮುಂದೆ ಬರಲ್ಲ. 43 ಇಂಚಿಗಿಂತ 55 ಇಂಚಿನ ವಿಸ್ತೀರ್ಣ 1.64 ಪಟ್ಟು, ಅಷ್ಟೇ ಪ್ರಕಾಶ ಬೇಕಂದ್ರೆ ಬೆಳಕೂ 1.64 ಪಟ್ಟು ಹಾಕಬೇಕು. ಅಗ್ಗದ ಟಿವೀಲಿ ಅಷ್ಟು ಹಾಕಿರಲ್ಲ. ಮೂರು ದೋಸೆಗೆ ಹಾಕೋ ಬೆಣ್ಣೇನ ಐದು ದೋಸೆಗೆ ಸವರಿದಂಗೆ. (ದಾವಣಗೆರೆಯೋನು ಎಲ್ಲಿ ಹೋದ್ರೂ ದೋಸೆಗೇ ಬರ್ತಾನೆ ಅನ್ಬೇಡಿ, ಲೆಕ್ಕ ಸರಿಯಾಗೇ ಕೂತಿದೆ.)

ಗೆಳೆಯ ಆ ಟಿವಿ ಒಳಗಿನ ಬಿಳಿ ಹಾಳೆಗಳನ್ನ ಒಂದೊಂದೇ ಎತ್ತಿದಾಗ ಕಂಡಿದ್ದು ಉದ್ದುದ್ದ ಪಟ್ಟಿಗಳ ಮೇಲೆ ದೂರ ದೂರ ಕೂತ ಎಲ್ಇಡಿಗಳು, ಎಣಿಸಿದ್ರೆ ನಲವತ್ತೂ ಇಲ್ಲ. ಒಂದೊಂದರ ಮೇಲೂ ಬೆಳಕು ಹರಡೋಕೆ ಒಂದು ಪ್ಲಾಸ್ಟಿಕ್ ಲೆನ್ಸು. ಶಾಖಕ್ಕೆ ಅಂಟು ಬಿಟ್ಟು ಆ ಲೆನ್ಸು ಉದುರಿದ್ರೆ ಪರದೆ ಮೇಲೆ ಬೆಳ್ಳಗೆ ಗುಂಡು ಚುಕ್ಕಿ ಕಾಣುತ್ತೆ. ಇನ್ನು ಆ ಎಲ್ಇಡಿಗಳೆಲ್ಲ ಸೀರೀಸ್ ಕನೆಕ್ಷನ್ನು, ಗಣಪತಿ ಹಬ್ಬಕ್ಕೆ ಹಾಕೋ ಸೀರಿಯಲ್ ಸೆಟ್ ಗೊತ್ತಲ್ಲ, ಒಂದು ಬಲ್ಬು ಹೋದ್ರೆ ಇಡೀ ಸಾಲು ಢಮಾರ್, ಅದೇ ಕಥೆ. ಕಮ್ಮಿ ಎಲ್ಇಡಿ ಇಟ್ಟು ಜಾಸ್ತಿ ಬೆಳಕು ತೆಗೀಬೇಕಂದ್ರೆ ಒಂದೊಂದಕ್ಕೂ ಜಾಸ್ತಿ ಕರೆಂಟ್ ಕೊಡ್ತಾರೆ, ಜಾಸ್ತಿ ಕಾಯುತ್ತೆ, ಬೇಗ ಸಾಯುತ್ತೆ. ಸೌಂಡ್ ಬರ್ತಿದೆ, ಪರದೆ ಕಪ್ಪು ಅಂದ್ರೆ ಗಾಬರಿ ಬೀಳದೆ ಕತ್ತಲಲ್ಲಿ ಮೊಬೈಲ್ ಟಾರ್ಚನ್ನ ಪರದೆಗೆ ಹತ್ರ ಹಿಡಿದು ನೋಡಿ. ಮಸುಕಾಗಿ ಚಿತ್ರ ಓಡಾಡ್ತಿದ್ರೆ ಗಾಜು ಚೆನ್ನಾಗಿದೆ, ಹಿಂದಿನ ದೀಪ ಹೋಗಿದೆ ಅಷ್ಟೇ, ಅದು ರಿಪೇರಿ ಆಗೋ ಕಾಯಿಲೆ. ಗಾಜೇ ಒಡೆದಿದ್ರೆ ಮಾತ್ರ ಬೇಡ, ಹೊಸ ಟಿವಿ ತಗೊಳ್ಳೋದೇ ವಾಸಿ. ಹೊಸದು ತಂದ ದಿನವೇ ಸೆಟ್ಟಿಂಗ್ಸಲ್ಲಿ ಬ್ಯಾಕ್‌ಲೈಟನ್ನ 100ರಿಂದ 60ರ ಹತ್ರ ಇಳಿಸಿ, ಎಲ್ಇಡಿ ಆಯಸ್ಸು ಉಳಿಯುತ್ತೆ. ಆದ್ರೆ ಮನೇಲಿ ಎಲ್ಲರೂ "ಡಲ್ ಆಯ್ತು" ಅಂತ ಎರಡು ದಿನ ಬೈತಾರೆ.

ಡಬ್ಬಿ ಮೇಲೆ ಎಚ್‌ಡಿಆರ್ (ಬೆಳಕು-ಕತ್ತಲಿನ ಅಂತರ ಜಾಸ್ತಿ ಇರೋ ಚಿತ್ರ) ಅಂತ ದೊಡ್ಡದಾಗಿ ಬರೆದಿರೋದಕ್ಕೂ ಇದೇ ಬೆಳಕಿನ ಸಮಸ್ಯೆ. ಪರದೆ ಪ್ರಕಾಶವನ್ನ ನಿಟ್ ಅನ್ನೋ ಅಳತೇಲಿ ಹೇಳ್ತಾರೆ, ಎಚ್‌ಡಿಆರ್ ಸಿನಿಮಾಗಳನ್ನ ಸಾಮಾನ್ಯವಾಗಿ 1000 ನಿಟ್ ಲೆಕ್ಕದಲ್ಲಿ ತಯಾರು ಮಾಡಿರ್ತಾರೆ, ಅಗ್ಗದ ಟಿವಿಗಳ ಶಕ್ತಿ 250-300ರ ಆಸುಪಾಸು. ಆ ಸಿಗ್ನಲ್ಲು ಅದಕ್ಕೆ ಅರ್ಥ ಆಗುತ್ತೆ, ತೋರಿಸೋಕೆ ಆಗಲ್ಲ, ಹಾಡೆಲ್ಲ ಬಾಯಿಪಾಠ ಇದ್ದು ಕಂಠ ಇಲ್ದಂಗೆ. ಕ್ಯೂಎಲ್ಇಡಿ ಅಂತ ಇದ್ರೆ ಹಿಂದೆ ಎಲ್ಇಡಿ ದೀಪವೇ, ಬಣ್ಣ ಮಾತ್ರ ನೀಲಿ, ನಡುವೆ ಕ್ವಾಂಟಂ ಡಾಟ್ ಅನ್ನೋ ಕೆಲವೇ ನ್ಯಾನೋಮೀಟರ್ ಗಾತ್ರದ ಕಣಗಳ ಹಾಳೆ, ಸಣ್ಣ ಕಣ ಹಸಿರು, ದೊಡ್ಡ ಕಣ ಕೆಂಪು ಬೆಳಕು ಕೊಡುತ್ತೆ, 2023ರ ರಸಾಯನಶಾಸ್ತ್ರದ ನೊಬೆಲ್ ಬಂದಿದ್ದು ಈ ಕಣಗಳಿಗೇ. ಬಣ್ಣ ನಿಜವಾಗ್ಲೂ ಚೆನ್ನಾಗಿರುತ್ತೆ. ಕಪ್ಪು ಮಾತ್ರ ಹಂಗೇ ಇರುತ್ತೆ, ಯಾಕಂದ್ರೆ ಹಿಂದೆ ದೀಪ ಉರೀತಾನೇ ಇರುತ್ತಲ್ಲ.

ಮಾವನ್ನ ಕರ್ಕೊಂಡು ಅಂಗಡಿಗೆ ಹೋದ್ವಿ, ಅದೇ ಹೆಸರಿಲ್ಲದ ಕಂಪನೀದು ಒಂದು ಅಲ್ಲೂ ಇತ್ತು. ಅಂಗಡಿಯೋರು ಹಾಕೋ ಡೆಮೊ ವಿಡಿಯೋದಲ್ಲಿ ಗಿಳಿ, ಹೂವು, ಜೇನುತುಪ್ಪ, ಎಲ್ಲ ಟಿವಿನೂ ಚಂದವೇ ಕಾಣುತ್ತೆ. ನಾನು ಪೆನ್‌ಡ್ರೈವಲ್ಲಿ ಮೂರೇ ಮೂರು ತಗೊಂಡೋಗಿದ್ದೆ: ಪೂರ್ತಿ ಬೂದು ಬಣ್ಣದ ಒಂದು ಫೋಟೋ, ರಾತ್ರಿ ಸೀನಿನ ಒಂದು ತುಣುಕು, ಕ್ಯಾಮೆರಾ ಬಾಲ್ ಹಿಂದೆ ಓಡೋ ಕ್ರಿಕೆಟ್ ತುಣುಕು. ಬೂದು ಫೋಟೋದಲ್ಲಿ ಮೂಲೆಗಳು ಮಂಕು ಅಂತ ಕಂಡ್ತು, ಕ್ರಿಕೆಟ್ಟಲ್ಲಿ ಹಸಿರು ಮೈದಾನ ಸರಿದಾಗ ಪರದೆ ಒರೆಸಿಲ್ಲವೇನೋ ಅನ್ನೋ ಥರ ಕಲೆ ಕಾಣಿಸ್ತು. ರಾತ್ರಿ ಸೀನು ಪರವಾಗಿಲ್ಲ ಅನ್ನಿಸ್ತು, ದ್ರವ ಸ್ಫಟಿಕದ ಅಣು ನಿಲ್ಲೋ ರೀತಿ ಮೇಲೆ ಪ್ಯಾನೆಲ್ಲಲ್ಲಿ ವಿಎ, ಐಪಿಎಸ್ ಅಂತ ಜಾತಿಗಳಿವೆ, ಇದು ವಿಎ ಜಾತೀದು, ಅದರಲ್ಲಿ ಬೆಳಕು-ಕತ್ತಲಿನ ಅಂತರ 3000 ಪಟ್ಟಿಗೂ ಮೇಲೆ, ಐಪಿಎಸ್ ಜಾತೀದು 1000 ಪಟ್ಟಿನ ಹತ್ರ. ಆದ್ರೆ ವಿಎನ ಪಕ್ಕದಿಂದ ನೋಡಿದ್ರೆ ಬಣ್ಣ ತೊಳೆದಂಗೆ ಆಗುತ್ತೆ, ಮಾವನ ಮನೇಲಿ ದಿವಾನ್ ಇರೋದೇ ಪಕ್ಕದ ಗೋಡೆಗೆ, ಅದರ ಮೇಲೆ ಕೂರೋದು ಅತ್ತೆ. "ಅತ್ತೆ ಜಾಗದಾಗ ನಿಂತು ನೋಡು ಮಾವ" ಅಂದೆ. ನೋಡಿ ಬಂದು "ದಿವಾನ್ ಸರಿಸಿದ್ರಾಯ್ತು ಬಿಡು" ಅಂದ್ರು.

ಹೆಸರಿನ ವಿಷಯಕ್ಕೆ ಬಂದ್ರೆ ಹೆಸರನ್ನ ನಂಬೋದೂ ಕಷ್ಟವೇ. ಕೊಡಕ್ ಅಂತ ಟಿವಿ ಇದೆ, ಥಾಮ್ಸನ್ ಅಂತ ಇದೆ, ನಮ್ಮ ದೇಶದಲ್ಲಿ ಇವೆರಡನ್ನೂ ಮಾಡೋದು ಒಂದೇ ಭಾರತೀಯ ಕಂಪನಿ, ಹೆಸರು ಲೈಸೆನ್ಸ್ ಮೇಲೆ ತಗೊಂಡಿದ್ದು. ಹಂಗಾಗಿ ಮುಂದಿನ ಹೆಸರು ಬಿಟ್ಟು ಹಿಂದಿನ ಲೇಬಲ್ ನೋಡಿ. ಅಲ್ಲಿ ಬಿಐಎಸ್ ಅನ್ನೋ ಸರ್ಕಾರಿ ಗುಣಮಟ್ಟ ಸಂಸ್ಥೆಯ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗೋ ಒಂದು ನಂಬರ್ ಇರಲೇಬೇಕು. ಬಿಐಎಸ್ ಕೇರ್ ಆ್ಯಪಲ್ಲಿ ಆ ನಂಬರ್ ಹಾಕಿದ್ರೆ ನಿಜವಾಗಿ ತಯಾರಿಸಿದ ಫ್ಯಾಕ್ಟರಿ ಯಾವ್ದು ಅಂತ ಬರುತ್ತೆ. ನಂಬರೇ ಇಲ್ದಿದ್ರೆ ಅಲ್ಲಿಂದ ಎದ್ದು ಬನ್ನಿ. ಸರ್ವಿಸ್ಸಿಗೂ ಹಂಗೇ, ವಾರಂಟಿ ಎಷ್ಟು ವರ್ಷ ಅಂತ ಕೇಳೋ ಬದ್ಲು ನಮ್ಮ ಪಿನ್‌ಕೋಡು 577004ಕ್ಕೆ ಯಾರು ಬರ್ತಾರೆ, ಎಲ್ಲಿಂದ ಬರ್ತಾರೆ ಅಂತ ಕೇಳಿ, 260 ಕಿ.ಮೀ. ದೂರದ ಬೆಂಗಳೂರಿಂದ ಅಂದ್ರೆ ಗೆಳೆಯನಂಥ ರಿಪೇರಿಯೋನೇ ನಿಮ್ಮ ವಾರಂಟಿ.

ಸಾಫ್ಟ್‌ವೇರ್ ಬಗ್ಗೆ ನಾನು ಜಾಸ್ತಿ ತಲೆ ಕೆಡಿಸ್ಕೊಳ್ಳಲ್ಲ. 1 ಜಿಬಿ ರ್‍ಯಾಮ್ ಅಂದ್ರೆ ಎರಡು ವರ್ಷಕ್ಕೆ ಎತ್ತಿನ ಗಾಡಿ, ಆದ್ರೆ ಅದಕ್ಕೊಂದು ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿದ್ರೆ ಹೊಸ ಮಿದುಳು ಬಂದಂಗೆ, ಹಿಂದಿನ ಬೆಳಕನ್ನ ಹಂಗೆ ಬದಲಾಯಿಸೋಕಾಗಲ್ಲ. ಎರಡು ಮಾತ್ರ ನೋಡ್ಕೊಳ್ಳಿ. ಗೂಗಲ್ ಪರವಾನಗಿ ಇಲ್ಲದ ಬರೀ ಆಂಡ್ರಾಯ್ಡ್ ಹಾಕಿರೋ ಟಿವಿಗಳಲ್ಲಿ ವೈಡ್‌ವೈನ್ ಎಲ್1 ಅನ್ನೋ, ವಿಡಿಯೋ ಕಳ್ಳನಕಲು ತಡೆಯೋಕೆ ಹಾಕಿರೋ ಬೀಗದ ಕೈ ಇಲ್ಲದೇ ಇರಬಹುದು, ಅದಿಲ್ದಿದ್ರೆ 4ಕೆ ಪರದೆ ಇದ್ರೂ ನೆಟ್‌ಫ್ಲಿಕ್ಸ್ ಥರದವು 480 ಸಾಲಿನ ಮಬ್ಬು ಚಿತ್ರ ಕಳಿಸ್ತವೆ. ಎರಡನೇದು, ನೀವು ಏನು ನೋಡ್ತೀರಿ ಅಂತ ಟಿವಿ ನಿಮ್ಮನ್ನ ನೋಡ್ತಿರುತ್ತೆ, ಅಮೆರಿಕದಲ್ಲಿ ವಿಜಿಯೊ ಅನ್ನೋ ಕಂಪನಿ 1.1 ಕೋಟಿ ಟಿವಿಗಳಿಂದ ಹಿಂಗೆ ಮಾಹಿತಿ ತೆಗೆದ ಕೇಸಲ್ಲಿ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ರಾಜಿ ಆಯ್ತು. ಸೆಟ್ಟಿಂಗ್ಸಲ್ಲಿ ಅದನ್ನ ಆಫ್ ಮಾಡಿ.

ಮಾವ ಕೊನೆಗೆ ಆ 24 ಸಾವಿರದ್ದೇ ತಗೊಂಡ್ರು, ನಾನೂ ಬೇಡ ಅನ್ಲಿಲ್ಲ, ಲೇಬಲ್ ಸರಿಯಿತ್ತು, ಬೆಲೆಗೆ ತಕ್ಕ ಬೆಳಕಿತ್ತು. ಗೋಡೆಗೆ ಏರಿಸಿದ ಮೂರನೇ ದಿನ ಅತ್ತೆ ಫೋನು: "ಹಳೇ ಟಿವಿನೇ ಕ್ಲಿಯರ್ ಇತ್ತಲ್ಲಪ, ಇದ್ರಾಗ ಸೀರಿಯಲ್‌ನೋರ ಮುಖ ಎಲ್ಲಾ ಕಲಸಿದಂಗೆ ಐತೆ."

ಹೋಗಿ ನೋಡಿದ್ರೆ ಹತ್ತು ವರ್ಷದ ಹಳೇ ಸೆಟ್‌ಟಾಪ್ ಬಾಕ್ಸು, ಹಳದಿ-ಕೆಂಪು-ಬಿಳಿ ಪಿನ್ನಿನ ವೈರಲ್ಲೇ ಚುಚ್ಚಿದಾರೆ. ಆ ವೈರಲ್ಲಿ ಬರೋ ಚಿತ್ರ 720ಕ್ಕೆ 576 ಚುಕ್ಕಿ, ಅಂದ್ರೆ 4,14,720. ಟಿವೀಲಿರೋದು 82,94,400. ಭಾಗಿಸಿದ್ರೆ ಸರಿಯಾಗಿ 20 ಬರುತ್ತೆ. ಅತ್ತೆ ನೋಡ್ತಿದ್ದ ಸೀರಿಯಲ್ಲಲ್ಲಿ 20 ಚುಕ್ಕಿಗೆ ಒಂದು ಮಾತ್ರ ಸ್ಟುಡಿಯೋದಿಂದ ಬಂದಿದ್ದು, ಉಳಿದ 19 ಆ ಅಂಗೈ ಅಗಲದ ಬೋರ್ಡು ತಾನೇ ಊಹೆ ಮಾಡಿ ತುಂಬಿಸಿದ್ದು, ಅಗ್ಗದ ಬೋರ್ಡಿಗೆ ಊಹೆ ಮಾಡೋ ಬುದ್ಧಿಯೂ ಅಷ್ಟಕ್ಕಷ್ಟೇ. ಒಳ್ಳೇ ಎಚ್‌ಡಿ ಸಿಗ್ನಲ್ ಕೊಟ್ರೆ ಸಾಕು, ಯಾಕಂದ್ರೆ ಚೆನ್ನಾಗಿರೋ ಕಣ್ಣಿಗೂ 55 ಇಂಚಿನ ಮೇಲೆ ಫುಲ್ ಎಚ್‌ಡಿ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣೋದು ಸುಮಾರು 7 ಅಡಿ ಒಳಗೆ ಕೂತ್ರೆ ಮಾತ್ರ, ಅವರ ಹಾಲಲ್ಲಿ ಸೋಫಾ ಇರೋದು 10 ಅಡಿ ದೂರ. 4ಕೆ ಅಲ್ಲಿ ಕಣ್ಣಿಗೆ ದಕ್ಕೋದೇ ಇಲ್ಲ.

ಇದನ್ನೆಲ್ಲ ಅತ್ತೆಗೆ ಹೇಳೋಕೆ ಹೋಗ್ಲಿಲ್ಲ. ಕೇಬಲ್‌ನೋನಿಗೆ ಫೋನ್ ಮಾಡಿ ಎಚ್‌ಡಿ ಬಾಕ್ಸು, ಜೊತೆಗೊಂದು ಎಚ್‌ಡಿಎಂಐ ವೈರು ತಾರಪ ಅಂದೆ. ಮಾವ ಪಕ್ಕದಲ್ಲೇ ಟೇಪು ಹಿಡ್ಕೊಂಡು ದಿವಾನ್ ಎಲ್ಲಿಗೆ ಸರಿಸೋದು ಅಂತ ಅಳೀತಿದ್ರು.